ಖಾಲಿ ದೊಡ್ಡಿಯಲ್ಲಿ ಕೇಳಿದ ಮಾತು

ಗೇಟು ಮುಚ್ಚಿದವಳು ಬೊನಾರಿಯಾ. ಅದೂ ಒಳ್ಳೆಯ ಮನಸ್ಸಿನಿಂದಲೇ.

ಸುರಂಗದ ಹೊಸ ರಸ್ತೆ ಬಂದ ಮೇಲೆ ಹಳೇ ಘಟ್ಟದ ರಸ್ತೆಯಲ್ಲಿ ಕಾರುಗಳ ಓಡಾಟವೇ ನಿಂತುಹೋಗಿತ್ತು. ಅಂಥ ರಸ್ತೆಗಳೆಂದರೆ ಅವಳಿಗೆ ಪ್ರಾಣ. ಕರಾವಳಿಯ ತೊರ್ತೊಲಿಯಲ್ಲಿ ಅವಳದೊಂದು ಸೈಕಲ್ ಅಂಗಡಿ. ಭಾನುವಾರ ಬಂತೆಂದರೆ ಅಂಗಡಿಗೆ ಬೀಗ ಹಾಕಿ, ಪ್ರವಾಸಿಗಳನ್ನು ಕರೆದೊಯ್ಯಲು ಸದ್ದಿಲ್ಲದ ದಾರಿಗಳನ್ನು ಹುಡುಕುತ್ತ ಸಾರ್ಡೀನಿಯಾ ದ್ವೀಪದ ಬೆಟ್ಟ ಹತ್ತುವಳು. ಆ ಭಾನುವಾರ ಘಟ್ಟದ ತುದಿಯಲ್ಲಿ, ರಸ್ತೆಗೆ ಅಡ್ಡವಾಗಿದ್ದ ತಂತಿಯ ಗೇಟು ಹಾರುಹೊಡೆದಿತ್ತು. ಯಾರೋ ಮರೆತು ಹೋಗಿದ್ದಾರೆ ಅಂದುಕೊಂಡು ಎಳೆದು ಮುಚ್ಚಿ, ತಂತಿ ಬಿಗಿದು ಬಂದಳು.

ಮುಂದಿನ ಭಾನುವಾರ ಅದೇ ಗೇಟಿನ ಪಕ್ಕ ಒಬ್ಬ ಕೈಕಟ್ಟಿ ನಿಂತಿದ್ದ. ಬಿಸಿಲಿಗೆ ಕಂದಿದ ಮುಖ, ಮೊಣಕೈವರೆಗೆ ಮಡಚಿದ ಅಂಗಿ, ಕಣ್ಣಲ್ಲಿ ಒಂದು ವಾರ ಕಾಪಾಡಿಕೊಂಡು ಬಂದ ಸಿಟ್ಟು.

"ನೀವು ಕರಾವಳಿಯವರು ಅಲ್ವಾ?"

"ಹೇಗೆ ಗೊತ್ತಾಯ್ತು?"

"ತೆರೆದ ಗೇಟು ಕಂಡ್ರೆ ಮುಚ್ಚೋರು ಅವರೊಬ್ಬರೇ. ಇಲ್ಲಿ ಗೇಟು ಹೇಗಿರುತ್ತೋ ಹಾಗೇ ಬಿಟ್ಟು ಹೋಗ್ಬೇಕು. ಸಂಜೆ ಹಾಲು ಕರೆಸ್ಕೊಳ್ಳೋಕೆ ಬಂದ ನನ್ನ ಮೇಕೆಗಳು ಆ ಕಡೆನೇ ನಿಂತು, ಊರಿಗೆಲ್ಲ ಕೇಳೋ ಹಾಗೆ ನನ್ನ ಬೈದ್ವು."

ತಪ್ಪಾಯಿತು ಅನ್ನಲೆಂದೇ ಬಾಯಿ ತೆರೆದವಳು, ಅವನ ಮುಖದ ಬಿಗುವು ನೋಡಿ ಮಾತು ಬದಲಿಸಿದಳು. "ಒಂದು ಬೋರ್ಡ್ ಹಾಕಬಹುದಿತ್ತಲ್ಲ."

"ಮೇಕೆಗಳಿಗೆ ಓದೋಕೆ ಬರಲ್ಲ."

"ನನಗೆ ಬರುತ್ತೆ."

ಅವನು ತುಟಿ ಕಚ್ಚಿಕೊಂಡ. ನಗು ಅಲ್ಲಿ ನಿಲ್ಲದೆ ಕಣ್ಣಿಗೆ ಹತ್ತಿತು. ಬೊನಾರಿಯಾ ಅದನ್ನು ನೋಡಿಬಿಟ್ಟಳು. ಅವಳು ನೋಡಿದ್ದನ್ನು ಅವನೂ ನೋಡಿ, ಅಗತ್ಯವಿಲ್ಲದಿದ್ದರೂ ಬಗ್ಗಿ ಗೇಟಿನ ತಂತಿಯನ್ನು ಸರಿಮಾಡಿದ.

ಅವನ ಹೆಸರು ಗವಿನೊ. ಒಂಟಿ ಮನುಷ್ಯ, ತಂದೆ ಬಿಟ್ಟುಹೋದ ದೊಡ್ಡಿ, ಮೇಕೆಗಳು, ಚೀಸ್ ಮಾಡುವ ಕಲ್ಲಿನ ಕೋಣೆ, ಇಷ್ಟೇ ಅವನ ಸಂಸಾರ. ಅಲ್ಲಿಂದ ಮುಂದೆ ಬೊನಾರಿಯಾ ಹುಡುಕಿದ ದಾರಿಗಳೆಲ್ಲ, ಅದೇನು ಮಾಯೆಯೋ, ಆ ದೊಡ್ಡಿಯ ಮುಂದೆಯೇ ಹಾದುಹೋಗತೊಡಗಿದವು. ಅವನು ಹಪ್ಪಳದಂಥ ತೆಳು ರೊಟ್ಟಿ, ಚೀಸ್ ಇಟ್ಟು ಕಾಯುವನು. ಕಾಯುತ್ತಿದ್ದೆ ಎಂದು ಮಾತ್ರ ಹೇಳುವವನಲ್ಲ. ಯಾವ ಮಣ್ಣುದಾರಿ ಯಾರ ದೊಡ್ಡಿಗೆ ಮುಟ್ಟುತ್ತದೆ, ಎಲ್ಲಿ ಹಂದಿಗಳು ಅಡ್ಡ ಬರುತ್ತವೆ, ಯಾವ ತಿರುವಿನಲ್ಲಿ ಗಾಳಿ ಎದುರಿಗೆ ಹೊಡೆಯುತ್ತದೆ ಎಂದು ಹೇಳಿಕೊಡುವನು. ಬಹುವಚನ ಯಾವಾಗ ಏಕವಚನವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಒಮ್ಮೆ ಅವಳ ಗಲ್ಲಕ್ಕೆ ಮೆತ್ತಿದ್ದ ಚೈನಿನ ಎಣ್ಣೆ ಒರೆಸಲು ಬೆರಳು ಎತ್ತಿದವನು, ಅರ್ಧ ದಾರಿಯಲ್ಲೇ ಕೈ ತಡೆದು, "ಅಲ್ಲಿ ಕಪ್ಪಾಗಿದೆ" ಎಂದಷ್ಟೇ ಹೇಳಿದ. ಬೊನಾರಿಯಾ ಮನೆಗೆ ಹೋಗುವವರೆಗೂ ಒರೆಸಿಕೊಳ್ಳಲಿಲ್ಲ.

ಆಗಸ್ಟಿನಲ್ಲಿ ಬೆಟ್ಟಕ್ಕೆ ಬೆಂಕಿ ಬಿತ್ತು. ಗಾಳಿ ತಿರುಗಿ, ಮೇಲಿನ ಬಂಡೆಗಳ ನಡುವೆ ಮೇಯುತ್ತಿದ್ದ ಮೇಕೆಗಳಲ್ಲಿ ಬಹುಪಾಲು ಸುಟ್ಟುಹೋದವು. ಗವಿನೊ ಉಳಿದವನ್ನು ಹೊಡೆದುಕೊಂಡು ಇಳಿದ. ಬೊನಾರಿಯಾ ಹೋದಾಗ ಅವನು ಖಾಲಿ ದೊಡ್ಡಿಯ ಗೋಡೆಯ ಮೇಲೆ ಕೂತಿದ್ದ. ಜಿನೋವಾ ಬಂದರಿನಲ್ಲಿ ಸೋದರಸಂಬಂಧಿಯೊಬ್ಬ ಕೆಲಸ ನೋಡಿದ್ದಾನಂತೆ. ಉಳಿದ ಮೇಕೆಗಳನ್ನೂ ಮಾರಿ ಆಯಿತಂತೆ, ಮುಂದಿನ ವಾರ ಹಡಗು ಹತ್ತುತ್ತಾನಂತೆ. ಅಷ್ಟನ್ನೂ ಅವನು ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದ.

"ಪರದುರಾ ಕೇಳು," ಅಂದಳು ಬೊನಾರಿಯಾ.

ಆ ಬೆಟ್ಟಗಳಲ್ಲಿ ಅದು ಅಜ್ಜಂದಿರ ಕಾಲದ ವಾಡಿಕೆ. ಒಬ್ಬನ ಹಿಂಡು ನಾಶವಾದರೆ ಅವನೋ ಅವನ ಮನೆಯವರೋ ದೊಡ್ಡಿಯಿಂದ ದೊಡ್ಡಿಗೆ ಹೋಗಿ ಕೇಳುತ್ತಾರೆ, ಪ್ರತಿ ಕುರುಬನೂ ತನ್ನ ಹಿಂಡಿನಿಂದ ಒಂದನ್ನು ಕೊಡುತ್ತಾನೆ. ಸಾಲವಲ್ಲ, ಭಿಕ್ಷೆಯೂ ಅಲ್ಲ. ನಾಳೆ ಇನ್ನೊಬ್ಬನಿಗೆ ಬಂದರೆ ಇವನು ಕೊಡಬೇಕು, ಅಷ್ಟೇ.

ಗವಿನೊ ಆಗದೆಂದು ತಲೆಯಾಡಿಸಿದ. ಅವನು ಚಿಕ್ಕವನಿದ್ದಾಗ ಎಫೀಸ್ ಎಂಬವನ ಮೇಕೆಗಳು ರೋಗ ಬಂದು ಸತ್ತಿದ್ದವು. ಎಫೀಸ್ ಕೇಳಲು ಬಂದಾಗ ಗವಿನೊನ ತಂದೆ ಬಾಗಿಲು ತೆರೆದಿರಲಿಲ್ಲ. "ನಮ್ಮಪ್ಪ ಕೊಡಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಕೇಳಲಿ? ನಾನು ಕೇಳಲ್ಲ ಬೊನಾರಿಯಾ. ಸಾಯೋವರೆಗೂ ಕೇಳಲ್ಲ."

ಹಟದಲ್ಲಿ ಅವಳೇನು ಕಡಿಮೆಯೇ? ಅವನು ಹಡಗು ಹತ್ತಿದರೆ ತನ್ನ ಜೀವವೂ ಅದರ ಹಿಂದೆ ಹೋಗುತ್ತದೆಂದು ಅವಳಿಗೆ ಆ ಗೋಡೆಯ ಪಕ್ಕದಲ್ಲೇ ಗೊತ್ತಾಯಿತು. ಮರುದಿನ ಅಂಗಡಿ ತೆರೆಯಲೇ ಇಲ್ಲ. ಸುಟ್ಟ ಮರಗಳು ಅಡ್ಡ ಬಿದ್ದು ವಾಹನಗಳಿಗೆ ದಾರಿ ಮುಚ್ಚಿತ್ತು. ಅವಳು ಸೈಕಲ್ಲನ್ನು ಹೆಗಲಿಗೇರಿಸಿ ಮರಗಳನ್ನು ದಾಟಿದಳು, ಮತ್ತೆ ಹತ್ತಿ ತುಳಿದಳು. ಯಾವ ದಾರಿ ಯಾರ ದೊಡ್ಡಿಗೆ ಹೋಗುತ್ತದೆಂದು ಅವನೇ ಅಲ್ಲವೇ ಹೇಳಿಕೊಟ್ಟದ್ದು.

ಮೊದಲ ದೊಡ್ಡಿಯ ಮುದುಕಿ ನೀರು ಕೊಟ್ಟಳು, ಕೂರಿಸಿದಳು, ಆಮೇಲೆ ನೀನು ಗವಿನೊಗೆ ಏನಾಗಬೇಕೆಂದು ಕೇಳಿದಳು. ಸ್ನೇಹಿತೆ ಎಂದಳು ಬೊನಾರಿಯಾ.

"ಸ್ನೇಹಿತರಿಗೆ ಊಟ ಹಾಕ್ತೀವಿ ಮಗಳೇ, ಮೇಕೆ ಕೊಡಲ್ಲ. ಪರದುರಾ ಕೇಳೋಕೆ ಮನೆಯವರೇ ಬರಬೇಕು."

ಬೊನಾರಿಯಾ ಲೋಟ ಕೆಳಗಿಟ್ಟಳು. ಎದೆ ಏರುದಾರಿ ತುಳಿದಾಗಿನಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. "ನಾನು ಅವನನ್ನ ಮದುವೆ ಆಗೋಳು," ಅಂದಳು.

ಮುದುಕಿಯ ಮುಖ ಅರಳಿತು. ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ಗದರಿ, ಭಾನುವಾರ ಹೊಡೆದು ತರಲೆಂದು ಒಂದು ಒಳ್ಳೆಯ ಮೇಕೆಯನ್ನು ಗುರುತು ಮಾಡಿಟ್ಟಳು. ಒಮ್ಮೆ ಆಡಿದ ಮಾತು ಎರಡನೆಯ ಸಲಕ್ಕೆ ಸಲೀಸಾಯಿತು. ಮೂರನೆಯ ದೊಡ್ಡಿಗೆ ಹೋಗುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ತಲುಪಿತ್ತು. ಆ ಮನೆಯವರು ಮದುವೆಗೆ ಆಲೂಗಡ್ಡೆ, ಪುದೀನ ತುಂಬಿದ ಕಡುಬು ಯಾರು ಮಾಡುತ್ತಾರೆಂಬ ಚರ್ಚೆಗೇ ಇಳಿದುಬಿಟ್ಟಿದ್ದರು. ಹೀಗೆ ಕಣಿವೆಯುದ್ದಕ್ಕೂ ಬೊನಾರಿಯಾಳ ಮದುವೆ ನಿಶ್ಚಯವಾಗುತ್ತ ಹೋಯಿತು. ಗೊತ್ತಿಲ್ಲದವನು ಒಬ್ಬನೇ, ಮದುಮಗ.

ಕೊನೆಗೆ ಉಳಿದದ್ದು ಎಫೀಸನ ದೊಡ್ಡಿ. ಅಲ್ಲಿಗೆ ಹೋಗದಿದ್ದರೂ ನಡೆಯುತ್ತಿತ್ತು. ಆದರೆ ಅವನನ್ನು ಬಿಟ್ಟು ತಂದ ಹಿಂಡಿನ ಹಾಲನ್ನು ಗವಿನೊ ತಲೆಯೆತ್ತಿ ಕರೆಯಲಾರ. ದಾರಿಯಲ್ಲಿ ಅತ್ಯಂತ ಕಡಿದಾದ ಏರು ಅದೇ. ಅರ್ಧ ತುಳಿದು, ಅರ್ಧ ತಳ್ಳಿಕೊಂಡು ಹತ್ತಿದಳು. ಎಫೀಸ್ ಮೂಲೆಯಲ್ಲಿ ಕೂತು ಕಡ್ಡಿ ಕೆತ್ತುತ್ತಿದ್ದ. ಕೂರು ಅನ್ನಲಿಲ್ಲ. ಅವಳ ಮಾತೆಲ್ಲ ಮುಗಿದ ಮೇಲೆ ಕಣ್ಣೆತ್ತಿದ.

"ಮದುವೆ ವಿಷಯ ಆ ಹುಡುಗನಿಗೆ ಗೊತ್ತಾ?"

ಬೇರೆ ಯಾರೂ ಇದನ್ನು ಕೇಳಿರಲಿಲ್ಲ. "ಇಲ್ಲ ಮಾವ," ಅಂದಳು ಬೊನಾರಿಯಾ. "ಆದ್ರೆ ನಾನು ಹೇಳಿದ್ದು ಸುಳ್ಳಲ್ಲ. ಅವನಿಗೆ ಹೇಳೋದೊಂದು ಬಾಕಿ."

"ಅವರಪ್ಪ ನನಗೆ ಬಾಗಿಲು ತೆಗೀಲಿಲ್ಲ."

"ಗೊತ್ತು. ಅದಕ್ಕೇ ಅವನು ಕೇಳಲ್ಲ ಅಂತಾನೆ. ನಾಚಿಕೆ ಅವನಿಗೆ. ನನಗಿಲ್ಲ."

ಎಫೀಸ್ ಹೌದು ಅನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಭಾನುವಾರ ನೋಡೋಣ ಎಂದು ಮತ್ತೆ ಕಡ್ಡಿ ಕೆತ್ತತೊಡಗಿದ.

ಭಾನುವಾರದ ಹೊತ್ತಿಗೆ ಮರಗಳನ್ನು ಕಡಿದು ದಾರಿ ಬಿಡಿಸಿದ್ದರು. ಬೆಳಿಗ್ಗೆ ಗಂಟೆಗಳ ಸದ್ದು ಕೇಳಿ ಗವಿನೊ ಹೊರಗೆ ಬಂದ. ರಸ್ತೆಯ ಉದ್ದಕ್ಕೂ ಮೇಕೆಗಳು, ಅವುಗಳ ಹಿಂದೆ ಕಣಿವೆಯ ಕುರುಬರು. ಎಲ್ಲರ ಹಿಂದೆ, ಎರಡು ಮೇಕೆಗಳನ್ನು ಹಿಡಿದುಕೊಂಡು, ಎಫೀಸ್. ದೊಡ್ಡಿ ತುಂಬಿತು. ಗವಿನೊನ ಕಣ್ಣೂ ತುಂಬಿತು. ಅಷ್ಟರಲ್ಲಿ ಮುದುಕಿ ಬಂದು ಅವನ ಗಲ್ಲ ಹಿಂಡಿ, ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು, ಮದುವೆ ಯಾವತ್ತು ಎಂದು ಕೇಳಿದಳು.

ಗವಿನೊ ತಿರುಗಿ ನೋಡಿದ. ಸೈಕಲ್ ಹಿಡಿದು ನಿಂತಿದ್ದ ಬೊನಾರಿಯಾ ಹತ್ತಿರ ಬಂದಳು. ಅವಳ ಮುಖ ಕೆಂಪಗಾಗಿತ್ತು, ಆದರೆ ತಲೆ ತಗ್ಗಿರಲಿಲ್ಲ.

"ಏನು ಹೇಳಿದೀಯ ಇವರಿಗೆಲ್ಲ?"

"ನಿನ್ನ ಮದುವೆ ಆಗ್ತೀನಿ ಅಂತ."

"ನನ್ನನ್ನ ಕೇಳದೇನಾ?"

"ಕೇಳಿದ್ರೆ ಬೇಡ ಅಂತಿದ್ದೆ." ಅವಳು ಧ್ವನಿ ತಗ್ಗಿಸಿದಳು. "ನೋಡು, ಮೇಕೆಗೋಸ್ಕರ ಹೌದು ಅನ್ಬೇಡ. ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನು. ಒಂದೊಂದನ್ನೂ ನಾನೇ ವಾಪಸ್ ಹೊಡ್ಕೊಂಡು ಹೋಗಿ ಬಿಟ್ಟು ಬರ್ತೀನಿ. ನನಗೆ ನೀನು ಇಷ್ಟ. ಅದು ಮಾತ್ರ ವಾಪಸ್ ಹೋಗಲ್ಲ."

ಗವಿನೊ ಕುರುಬರ ಕಡೆ ತಿರುಗಿ, ನಿಮ್ಮ ಮೇಕೆಗಳನ್ನು ಹೊರಗೆ ಹೊಡೆದುಕೊಳ್ಳಿ ಎಂದ.

ಬೊನಾರಿಯಾಳ ಮುಖದ ರಕ್ತ ಇಳಿಯಿತು. ಯಾರೂ ಅಲುಗದ್ದು ಕಂಡು ಗವಿನೊ ತಾನೇ ಒಂದೊಂದನ್ನೂ ಹೊರಗೆ ಬಿಟ್ಟ. ಬೊನಾರಿಯಾ ತಾನು ಕೊಟ್ಟ ಮಾತಿನಂತೆ ಮೊದಲ ಮೇಕೆಯ ಕೊರಳಿಗೆ ಕೈ ಹಾಕಿ ರಸ್ತೆಯ ಕಡೆ ತಿರುಗಿಸಿದಳು. ಅಳುವುದಿಲ್ಲ ಎಂದು ನಿರ್ಧರಿಸಿದ್ದಳು, ಅಳಲಿಲ್ಲ.

"ನಿಲ್ಲು," ಎಂದ ಗವಿನೊ. ಖಾಲಿ ದೊಡ್ಡಿಯ ನಡುವೆ ಅವನೊಬ್ಬನೇ ನಿಂತಿದ್ದ. "ನನ್ನ ಹತ್ರ ಈಗ ಏನೂ ಇಲ್ಲ. ದೊಡ್ಡಿ ಖಾಲಿ. ಯಾರಿಂದಾನೂ ಏನೂ ತಗೊಂಡಿಲ್ಲ. ಮೇಕೆ ಸಿಕ್ತು ಅಂತ ಹೌದು ಅಂದ ಅಂತ ನಾಳೆ ಯಾರೂ ಅನ್ಬಾರದು. ನಿನಗೂ ಅನ್ನಿಸ್ಬಾರದು. ಗೇಟು ಮುಚ್ಚಿ ಹೋದ ದಿನದಿಂದ ನಿನ್ನ ದಾರಿ ನೋಡ್ತಿದೀನಿ ಬೊನಾರಿಯಾ. ನನ್ನ ಮದುವೆ ಆಗ್ತೀಯಾ?"

ಮೇಕೆಯನ್ನು ಬಿಟ್ಟು ಅವಳು ಒಳಗೆ ನಡೆದಳು. "ಊರಿಗೆಲ್ಲ ಹೇಳಿ ಆಗಿದೆ," ಅಂದಳು. "ಆಗ್ತೀನಿ."

ಈ ಸಲ ಅವನ ಕೈ ಅರ್ಧ ದಾರಿಯಲ್ಲಿ ನಿಲ್ಲಲಿಲ್ಲ. ಮುದುಕಿ ಮುಖ ತಿರುಗಿಸಿಕೊಂಡಂತೆ ಮಾಡಿ ಎಲ್ಲವನ್ನೂ ನೋಡಿದಳು.

ಎಫೀಸ್ ಕೆಮ್ಮಿದ. ನಿಂತು ನಿಂತು ತನ್ನ ಕಾಲು ನೋಯುತ್ತಿದೆ, ಈ ಮನೆಯವರು ಯಾರಾದರೂ ಏನಾದರೂ ಕೇಳುವುದಿದ್ದರೆ ಬೇಗ ಕೇಳಿ ಎಂದು ಗೊಣಗಿದ.

ಗವಿನೊ ಬಾಯಿ ತೆರೆದ. ಬೊನಾರಿಯಾ ಅವನ ಕೈಯನ್ನು ಗಟ್ಟಿಯಾಗಿ ಹಿಡಿದು ಕಾದಳು, ಅವನಿಗಾಗಿ ತಾನೇ ಹೇಳಿಬಿಡಬೇಕೆಂಬ ಆಸೆಯನ್ನು ನುಂಗಿಕೊಂಡು.

"ಎಫೀಸ್ ಮಾವ," ಅಂದ ಗವಿನೊ ಕೊನೆಗೆ, "ನಮ್ಮ ಹಿಂಡು ಹೋಯ್ತು. ನಾವಿಬ್ಬರೂ ಕೇಳ್ತಿದೀವಿ."

ಎಫೀಸ್ ತನ್ನ ಎರಡೂ ಮೇಕೆಗಳ ಹಗ್ಗ ಬಿಚ್ಚಿ ಮೊದಲು ಅವನ್ನೇ ಒಳಗೆ ಬಿಟ್ಟ.