ಪಿಸು ರುಚಿ ನೋಡಿದ ವೈನು

ಕಿತ್ತಳೆ ಸಿಪ್ಪೆಯನ್ನು ಮೂರು ಸಲ ಕುದಿಸಿ, ಮೂರು ಸಲವೂ ನೀರು ಬಸಿದು ಚೆಲ್ಲಬೇಕು. ಆಮೇಲೆ ಸಕ್ಕರೆ ಪಾಕ. ಇಲ್ಲದಿದ್ದರೆ ಕೇಕು ಬಾಯಿಗಿಡಲಾಗದಷ್ಟು ಕಹಿ. ಆ ದಿನ ಅತ್ತಿಗೆ ಒಂದೇ ಸಲ ಕುದಿಸಿ, ಫೋನಿನಲ್ಲಿ ಮಾತಿಗೆ ಕೂತು, ಉಳಿದದ್ದನ್ನು ಮರೆತು ಸಿಪ್ಪೆಯನ್ನು ಪಾಕಕ್ಕೆ ಸುರಿದಿದ್ದಳು. ವಿಷಯ ಗೊತ್ತಾಗುವಷ್ಟರಲ್ಲಿ ಕೇಕು ವೈನಂಗಡಿ ಸೇರಿ ಅರ್ಧ ಗಂಟೆಯಾಗಿತ್ತು.

ಪಿಸು ಏಪ್ರನ್ ಕೂಡ ಬಿಚ್ಚದೆ ಓಡಿದಳು.

ಅವಳು ಮಾತಾಡಿದರೆ ಪಿಸುಗುಟ್ಟಿದ ಹಾಗೆ ಕೇಳುತ್ತದೆಂದು ಮನೆಯವರು ಇಟ್ಟ ಹೆಸರು ಅದು. ವಾರಕ್ಕೆ ನಾಲ್ಕು ದಿನ ಅತ್ತಿಗೆಯ ಅಡುಗೆಮನೆಯಲ್ಲಿ ಬ್ರೆಡ್ಡು, ಕೇಕು ಬೇಯಿಸಿ ಬೀದಿ ಕೊನೆಯ ವೈನಂಗಡಿಗೆ ಕೊಟ್ಟು ಬರುವುದು ಅವಳ ಕೆಲಸ. ಎರಡು ವರ್ಷದಿಂದ ಕೊಡುತ್ತಿದ್ದಳು. ಅಂಗಡಿಯವನ ಜೊತೆ ಆಡಿದ್ದು "ತಂದಿದೀನಿ", "ಬರ್ತೀನಿ" ಎರಡೇ ಮಾತು. ಅವನ ಎಡಗೈ ಹೆಬ್ಬೆರಳಿನ ಮೇಲೆ ಹಳೆಯ ಗಾಯದ ಗೆರೆಯಿದೆ, ನಗುವಾಗ ಮೊದಲು ಕೆಳಗೆ ನೋಡುತ್ತಾನೆ, ಬುಧವಾರ ಗಡ್ಡ ಮಾಡಿಕೊಳ್ಳುವುದಿಲ್ಲ ಎಂಬುದೆಲ್ಲ ಮಾತ್ರ ಅವಳಿಗೆ ಗೊತ್ತಿತ್ತು.

ಅವಳು ಬಾಗಿಲು ತಳ್ಳಿ ಒಳಗೆ ಹೋದಾಗ ಅವನು ಎರಡನೇ ತುಂಡು ತಿನ್ನುತ್ತಿದ್ದ.

"ಚೆನ್ನಾಗಿದೆ ಕಣ್ರೀ. ಈ ಸಲ ಹದ ಸಕ್ಕತ್ತಾಗಿ ಬಂದಿದೆ."

ಪಿಸು ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಕಹಿ ಕಿವಿಯವರೆಗೂ ಏರಿ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ನೋಡಿದ. ಅವನ ಕೈಯಲ್ಲಿದ್ದ ತುಂಡು ನಿಧಾನವಾಗಿ ತಟ್ಟೆಗೆ ಇಳಿಯಿತು.

"ನಿಮಗೆ ರುಚಿ ಹತ್ತುತ್ತಾ ಇಲ್ಲ," ಅಂದಳು.

ಅವನು ಹೋಗಿ ಬಾಗಿಲಿಗೆ 'ಮುಚ್ಚಿದೆ' ಬೋರ್ಡು ತಿರುಗಿಸಿ ಬಂದು, ಸ್ಟೂಲಿನ ಮೇಲೆ ಕೂತ.

"ಜ್ವರ ಬಂದು ಹೋದಾಗಿನಿಂದ. ನಾಲ್ಕು ತಿಂಗಳಾಯ್ತು. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹಳೇ ಬಾಟಲಿಗಳನ್ನ ನೆನಪಿನ ಮೇಲೆ ಮಾರ್ತಿದೀನಿ. ಹೊಸದು ಬಂದ್ರೆ ಲೇಬಲ್ ಓದಿ ತಲೆ ಆಡಿಸ್ತೀನಿ. ವೈನ್ ಮಾರೋನಿಗೆ ನಾಲಿಗೆ ಸತ್ತಿದೆ ಅಂತ ಯಾರಿಗೆ ಹೇಳ್ಲಿ?"

"ಎಲ್ರೂ ಕೇಕು ಚೆನ್ನಾಗಿದೆ ಅಂದ್ರಾ?"

"ಈ ಅರ್ಧ ಗಂಟೇಲಿ ಮೂರು ಜನ ತಿಂದ್ರು. ಮೂರು ಜನಾನೂ ಅಂದ್ರು." ಕೆಳಗೆ ನೋಡಿ ನಕ್ಕ. "ನೀವೊಬ್ರೇ ಓಡಿ ಬಂದಿದ್ದು."

ಹೀಗೆ ಶುರುವಾದವು ಗುರುವಾರದ ಮಧ್ಯಾಹ್ನಗಳು. ಎರಡರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ. ಅವನು ಹೊಸ ಬಾಟಲಿ ತೆಗೆದು ಲೋಟದ ತಳ ಮುಚ್ಚುವಷ್ಟು ಹಾಕುತ್ತಾನೆ. ಅವಳು ಗುಟುಕರಿಸಿ, ಬಾಯಲ್ಲಿ ಆಡಿಸಿ, ಹೇಗಿದೆ ಎಂದು ಹೇಳಬೇಕು. ಅವನು ಬರೆದುಕೊಳ್ಳುತ್ತಾನೆ.

"ನಂಗೆ ಅದರ ಭಾಷೆ ಬರಲ್ಲ," ಅಂದಿದ್ದಳು ಮೊದಲ ದಿನ. "ಸ್ಕೂಲು ಎಂಟಕ್ಕೇ ಬಿಟ್ಟೋಳು ನಾನು."

"ಆ ಭಾಷೆ ನನ್ನ ಹತ್ರ ಗಂಟುಗಟ್ಟಲೆ ಇದೆ. ಏನೂ ಪ್ರಯೋಜನ ಇಲ್ಲ. ನಿಮಗೆ ಅನ್ನಿಸಿದ್ದು ಹೇಳಿ. ಆದ್ರೆ ನಿಜ ಹೇಳಿ. ಚೆಂದ ಮಾಡಿ ಹೇಳೋಕೆ ಊರು ತುಂಬ ಜನ ಇದಾರೆ."

ಬಿಳಿ ವೈನೊಂದು ಹಸಿ ಸೇಬನ್ನು ಕದ್ದು ಕಚ್ಚಿ ಓಡಿದ ಹಾಗಿದೆ ಎಂದಳು. ಇನ್ನೊಂದು ಕೆಂಪು ಬಿಸಿಲಲ್ಲಿ ಒಣಗಿಸಿದ ದಪ್ಪ ಕಂಬಳಿಯಂತೆ. ಒಂದನ್ನಂತೂ "ಒದ್ದೆ ನಾಯಿ" ಅಂದುಬಿಟ್ಟಳು. ಅವನು ಬಿದ್ದು ಬಿದ್ದು ನಕ್ಕು, ಆ ಪೆಟ್ಟಿಗೆಯನ್ನು ಬಂದ ಗಾಡಿಗೇ ವಾಪಸು ಹತ್ತಿಸಿದ.

ಅವಳು ಗುಟುಕರಿಸುವಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಹುಬ್ಬು ಏರಿತೆ, ತುಟಿಯ ಅಂಚು ಬಿಗಿಯಿತೆ, ಕಣ್ಣು ಅರೆಮುಚ್ಚಿತೆ. ಕೆಲಸಕ್ಕಾಗಿಯೇ ನೋಡುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಆದರೂ ಹಾಗೆ ಒಬ್ಬರು ತನ್ನನ್ನು ಅಷ್ಟು ಹೊತ್ತು ನೋಡಿದ್ದು ಅವಳ ಬದುಕಿನಲ್ಲೇ ಇರಲಿಲ್ಲ. ಎರಡನೇ ತಿಂಗಳಿಗೆ ಲೋಟ ಕೆಳಗಿಟ್ಟ ಮೇಲೂ ಅವನ ನೋಟ ಹಿಂದಕ್ಕೆ ಹೋಗಲು ತಡಮಾಡತೊಡಗಿತು.

"ಇನ್ನೂ ಏನು ನೋಡ್ತೀರಿ? ನುಂಗಿ ಆಯ್ತು."

"ಆಮೇಲೆ ಉಳಿಯೋ ರುಚಿ ಅಂತ ಒಂದಿರುತ್ತೆ. ಅದನ್ನೂ ನೋಡ್ಬೇಕು."

"ಅದು ಬಾಯಲ್ಲಿರುತ್ತೆ. ಕಿವಿಯಲ್ಲಲ್ಲ."

ಅವಳ ಕಿವಿ ಕೆಂಪಾಗಿತ್ತು.

ಮನೆಯಲ್ಲಿ ಅತ್ತಿಗೆ ಹಿಟ್ಟು ನಾದುತ್ತಾ ಕೆಣಕುತ್ತಿದ್ದಳು. "ಏನೇ, ಗುರುವಾರ ಬಂದ್ರೆ ಎರಡು ಸಲ ತಲೆ ಬಾಚ್ತೀಯ? ನಿನ್ನ ಬಾಟಲಿಯೋರು ರುಚಿ ನೋಡೋದು ವೈನನ್ನೋ, ನಿನ್ನನ್ನೋ?"

"ಸುಮ್ನಿರಿ ಅತ್ತಿಗೆ."

"ಸುಮ್ನಿರ್ತೀನಿ. ಅವರು ಸುಮ್ನಿರ್ತಾರಾ ಕೇಳು."

ಚಳಿ ಬಿತ್ತು. ವರ್ಷದ ಕೊನೆಯ ಉಡುಗೊರೆಗಳ ಕಾಲ. ಮಾರುಕಟ್ಟೆಗೆ ಪೇರಳೆ, ಅಂಜೂರ, ಹೊಸ ಅಕ್ರೋಟು ಬಂದವು. ಇಬ್ಬರೂ ಸೇರಿ ಬುಟ್ಟಿ ಕಟ್ಟಲು ಶುರುಮಾಡಿದರು: ಒಂದು ಬಾಟಲಿ, ಬಟ್ಟೆಯಲ್ಲಿ ಸುತ್ತಿದ ಅಂಜೂರದ ಬ್ರೆಡ್ಡು, ಸಣ್ಣ ಸೀಸೆಯಲ್ಲಿ ಕಿತ್ತಳೆ ಜಾಮು, ಮೇಲೊಂದು ಕಾರ್ಡು. ಕಾರ್ಡಿನ ಮೇಲೆ ಪಿಸುವಿನದೇ ಮಾತು, ಪಿಸುವಿನದೇ ದುಂಡು ಅಕ್ಷರ. ಜನ ಕಾರ್ಡು ಓದಲೆಂದೇ ಬರತೊಡಗಿದರು. ಯಾರಿಗೆ ಏನು ಕೊಡುವುದೆಂದು ಅವಳನ್ನೇ ಕೇಳುತ್ತಿದ್ದರು.

"ನನ್ನ ನಾದಿನಿಗೆ ಏನು ಕೊಟ್ರೂ ಮೂಗು ಮುರೀತಾಳಮ್ಮ. ಏನು ಕೊಡ್ಲಿ?"

"ಬೆಳಿಗ್ಗೆ ಏಳಕ್ಕೆ ಬಿಸಿ ಬನ್ನು ಕಳಿಸಿ," ಎಂದಳು ಪಿಸು. "ಹಸಿವಿನಲ್ಲಿ ಮೂಗು ಮುರಿಯೋಕೆ ಪುರುಸೊತ್ತು ಇರಲ್ಲ."

ಒಂದು ಗುರುವಾರ ಲೇಬಲ್ಲಿಲ್ಲದ ಬಾಟಲಿಯೊಂದು ಮೇಜಿನ ಮೇಲಿತ್ತು. ಅವನು ಅದನ್ನು ತೆರೆದು ಲೋಟಕ್ಕೆ ಬಗ್ಗಿಸಿದ.

"ಅಣ್ಣ ಕಳಿಸಿದಾನೆ. ಏಳು ವರ್ಷ ಆಯ್ತು ನಾವಿಬ್ರೂ ಮಾತಾಡಿ. ಅಪ್ಪ ಹೋದಾಗಲೂ ಇಬ್ಬರೂ ಎರಡು ಮೂಲೆಯಲ್ಲಿ ನಿಂತಿದ್ವಿ. ಈಗ ಅವನ ದ್ರಾಕ್ಷಿ ತೋಟದ ಮೊದಲ ಫಸಲಂತೆ." ಜೊತೆಗಿದ್ದ ಚೀಟಿಯನ್ನು ಓದಿದ. "'ಇನ್ನೂ ಪೀಪಾಯಿಯಲ್ಲೇ ಇದೆ. ನಂಗೆ ಯಾಕೋ ಅನುಮಾನ. ನೀನು ಒಂದು ಸಲ ರುಚಿ ನೋಡಿ ಹೇಳು. ನಿನ್ನ ಮಾತಿನ ಮೇಲೆ ಬಾಟಲಿಗೆ ತುಂಬಿಸ್ತೀನಿ.' ನೋಡಿ, ನನ್ನ ಮಾತಿನ ಮೇಲಂತೆ!"

ಪಿಸು ಗುಟುಕರಿಸಿದಳು. ವೈನು ಹುಳಿಗೆ ತಿರುಗುತ್ತಿತ್ತು. ಹಿಂದೆಯೇ ನೆನೆದ ರಟ್ಟಿನ ವಾಸನೆ. ಉಗಿಯಬೇಕೆನ್ನಿಸಿತು.

ಎದುರಿಗೆ ಅವನ ಮುಖವಿತ್ತು. ಅಷ್ಟು ಬಿಚ್ಚಿಕೊಂಡ ಮುಖವನ್ನು ಅವಳು ಅವನಲ್ಲಿ ಹಿಂದೆಂದೂ ಕಂಡಿರಲಿಲ್ಲ. ಏಳು ವರ್ಷದ ಮುನಿಸು ಈ ಒಂದು ಗುಟುಕಿನ ಮೇಲೆ ನಿಂತಿದೆ ಎಂದುಕೊಂಡಳು. ಹುಬ್ಬು ಏರದಂತೆ, ತುಟಿ ಬಿಗಿಯದಂತೆ ಹಿಡಿದುಕೊಂಡು ನುಂಗಿದಳು. ಅವನು ಅವಳಲ್ಲಿ ಏನೇನು ಹುಡುಕುತ್ತಾನೆಂಬುದು ಅವಳಿಗೆ ಬಾಯಿಪಾಠವಾಗಿತ್ತು.

"ಹೇಳಿ," ಅಂದ.

"ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಒಳಗೆ ಬೀಳುತ್ತಲ್ಲ, ಮೊದಲ್ನೇ ಬಿಸಿಲು... ಹಾಗಿದೆ."

ಅವನು ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದ. "ತುಂಬಿಸೋ! ಧೈರ್ಯವಾಗಿ ತುಂಬಿಸು!" ಎಂದು ಕೂಗಿದ. ಆ ಕಡೆಯಿಂದ ನಗು ಕೇಳಿಸಿತು. ಈ ಕಡೆ ಇವನು ಕಣ್ಣು ಒರೆಸಿಕೊಂಡ. ಫೋನು ಇಟ್ಟವನೇ ಪಿಸುವಿನ ಎರಡೂ ಕೈ ಹಿಡಿದು, ಹಿಡಿದದ್ದು ಅರಿವಾಗಿ, ಆದರೂ ಬಿಡದೆ ನಿಂತ.

ವಾರದೊಳಗೆ ಪೆಟ್ಟಿಗೆಗಳು ಬಂದವು. ಆ ವರ್ಷದ ಬುಟ್ಟಿಗಳಿಗೆಲ್ಲ ಅಣ್ಣನ ವೈನೇ. ಪಿಸು ಅದೇ ಮಾತನ್ನು ಕಾರ್ಡಿನ ಮೇಲೆ ಅರವತ್ತು ಸಲ ಬರೆದಳು. ಹತ್ತನೆಯದರ ಹೊತ್ತಿಗೆ ಕೈ ನೋಯತೊಡಗಿತು. ಹೇಳಿಬಿಡಲೇ ಎಂದುಕೊಂಡಳು. ಅವನು ಪಕ್ಕದಲ್ಲೇ ರಿಬ್ಬನ್ ಕತ್ತರಿಸುತ್ತಾ ಸಿಳ್ಳೆ ಹಾಕುತ್ತಿದ್ದ.

ಬುಟ್ಟಿಗಳು ಹೊರಡುವ ವಾರ ಒಂದು ಮಧ್ಯಾಹ್ನ, ಅವನೇ ಮೊದಲ ಸಲ ಮನೆಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸಿದ.

"ಏನೋ ಸೀಯ್ತಾ ಇದೆ."

ಪಿಸು ಓವನ್ನಿನ ಕಡೆ ತಿರುಗಿದವಳು ಗಕ್ಕನೆ ನಿಂತಳು. ಅವನೂ ತಾನು ಆಡಿದ ಮಾತು ತನಗೇ ಕೇಳಿಸಿದವನ ಹಾಗೆ ನಿಂತಿದ್ದ.

"ಸೀದ ವಾಸನೆ," ಅಂದ. "ನನಗೆ ಬರ್ತಾ ಇದೆ! ಬೆಳಿಗ್ಗೆಯಿಂದ ಸೋಪು, ಕಾಫಿ, ಎದುರು ಮನೆಯವರ ಪೇಂಟು ಎಲ್ಲಾ ಬರ್ತಾ ಇದೆ ಪಿಸು!"

ಬನ್ನುಗಳು ಕರಿಯಾದವು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತಿಗೆ ಮಾತ್ರ "ನಂಗೇನೋ ಹೊರಗೆ ಕೆಲಸ ಇದೆ" ಎಂದು ಬೇಕೆಂದೇ ಹೊರಗೆ ಹೋದಳು.

"ಇನ್ನೂ ಏನೂ ಬಾಯಿಗೆ ಹಾಕಿಲ್ಲ ನಾನು. ಕಾಫಿ ಕೂಡ ಕುಡಿದಿಲ್ಲ, ಬರೀ ಮೂಸಿದೆ," ಅಂದ ಅವನು. "ನಾಳೆ ನಾಲ್ಕಕ್ಕೆ ಅಂಗಡಿಗೆ ಬನ್ನಿ. ಮೊದಲು ನಿಮ್ಮ ಬ್ರೆಡ್ಡು. ಆಮೇಲೆ ಅಣ್ಣನ ವೈನು. ಆಮೇಲೆ ನಿಮ್ಮನ್ನ ಒಂದು ಮಾತು ಕೇಳೋದಿದೆ."

ಅವನು ಹೋದ ಮೇಲೆ ಪಿಸು ಅತ್ತಿಗೆಗೆ ಎಲ್ಲ ಹೇಳಿದಳು. ಅತ್ತಿಗೆಯ ಮುಖದಿಂದ ತಮಾಷೆ ಇಳಿದುಹೋಯಿತು.

"ಈಗಲೇ ಹೋಗಿ ಹೇಳು. ಅವರ ಬಾಯಿಗೆ ಬೀಳೋಕೆ ಮುಂಚೆ ನಿನ್ನ ಬಾಯಿಂದ ಬರ್ಲಿ."

ಪಿಸು ಚಪ್ಪಲಿ ಮೆಟ್ಟಿ ಅಂಗಡಿಯವರೆಗೂ ಹೋದಳು. ಗಾಜಿನಾಚೆ ಅವನು ಒಬ್ಬನೇ, ಒಂದೊಂದೇ ಡಬ್ಬಿ ತೆರೆದು ಲವಂಗ, ಕಾಗದ, ಮರದ ಹೊಟ್ಟು ಎಲ್ಲವನ್ನೂ ಮೂಸುತ್ತಾ ಮಗುವಿನ ಹಾಗೆ ನಗುತ್ತಿದ್ದ. ಇವತ್ತೊಂದು ದಿನ ನಗಲಿ ಎಂದುಕೊಂಡು ಅವಳು ಹಿಂತಿರುಗಿದಳು. ಮೊದಲ ತಪ್ಪನ್ನು ಕ್ಷಮಿಸಬಹುದಿತ್ತೇನೋ. ಎರಡನೆಯದೂ ಅದೇ ತಪ್ಪಾಗಿತ್ತು.

ಮರುದಿನ ನಾಲ್ಕಕ್ಕೆ ಅವನು ಬ್ರೆಡ್ಡನ್ನು ಮುರಿದು, ಕಣ್ಣು ಮುಚ್ಚಿ ಅಗಿದ. ಇನ್ನೊಂದು ತುಂಡು ಮುರಿದ.

"ಆರೇಳು ತಿಂಗಳು ಇದನ್ನ ಸುಮ್ನೆ ಹತ್ತಿ ಅಗಿದ ಹಾಗೆ ಅಗಿದೆನಲ್ಲ," ಅಂದ. "ನೀವು ಇಷ್ಟು ಚೆನ್ನಾಗಿ ಮಾಡ್ತೀರಿ ಅಂತ ನಂಗೆ ಮರೆತೇ ಹೋಗಿತ್ತು."

ವೈನು ಬಗ್ಗಿಸಿದ. ಈಗ ಅವನ ಮುಖವನ್ನು ನೋಡುವ ಸರದಿ ಅವಳದು. ಹುಬ್ಬು ಏರಿತು. ತುಟಿಯ ಅಂಚು ಬಿಗಿಯಿತು. ಅವನು ಇನ್ನೊಂದು ಬಾಟಲಿ ತೆಗೆದ. ಮೂರನೆಯದೂ ತೆಗೆದ. ಬಾಟಲಿಯದೇ ತಪ್ಪಿರಬಹುದೆಂಬ ಆಸೆ ಮೂರನೆಯದಕ್ಕೆ ಮುಗಿಯಿತು.

"ಆವತ್ತು ಹೀಗಿರ್ಲಿಲ್ಲ ಅಲ್ವಾ?" ಕೇಳಿದ. ಇಲ್ಲ ಅನ್ನಿ ಎಂದು ಬೇಡುವ ಹಾಗಿತ್ತು ದನಿ.

"ಹೀಗೇ ಇತ್ತು."

"ಮತ್ತೆ ಆ ಮಾತು? ಬಾಗಿಲು, ಬಿಸಿಲು ಅಂದ್ರಲ್ಲ?"

"ಅದು ವೈನಿನ ಮಾತಲ್ಲ." ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ನಿಮ್ಮ ಮುಖ ಹಾಗಿತ್ತು. ಅದನ್ನೇ ಹೇಳಿದೆ. ನಂಗೆ ನೀವು... ನೀವಂದ್ರೆ ಇಷ್ಟ. ನಿಮ್ಮ ಆ ಮುಖ ಕೆಡಿಸೋಕೆ ಆಗ್ಲಿಲ್ಲ."

ಬೇರೆ ಯಾವ ದಿನ ಆಡಿದ್ದರೂ ಆ ಮಾತಿಗೆ ಅವನು ಎದ್ದು ಬರುತ್ತಿದ್ದ. ಈಗ ಕೂತೇ ಇದ್ದ.

"ಪೀಪಾಯಿಯಲ್ಲಿದ್ದಾಗಲೇ ಗೊತ್ತಾಗಿದ್ರೆ ಅಣ್ಣ ಏನಾದ್ರೂ ಮಾಡ್ಕೋತಿದ್ದ. ಅವನಿಗೇ ಅನುಮಾನ ಇತ್ತು. ಧೈರ್ಯವಾಗಿ ತುಂಬಿಸು ಅಂದಿದ್ದು ನಾನು. ವರ್ಷದ ಫಸಲು ಪೂರ್ತಿ ಹಾಳು. ಈಗ ಅವನು ಏನು ತಿಳ್ಕೋತಾನೆ? ಏಳು ವರ್ಷದ ದ್ವೇಷ ಹೀಗೆ ತೀರಿಸ್ಕೊಂಡ ಅಂತ." ಲೋಟವನ್ನು ಮೆಲ್ಲಗೆ ದೂರ ಸರಿಸಿದ. "ಇಡೀ ಊರಲ್ಲಿ ನಾನು ನಿಜ ಹೇಳಿದ್ದು ನಿಮಗೊಬ್ರಿಗೆ. ನಿಜ ಕೇಳಿದ್ದೂ ನಿಮ್ಮೊಬ್ರನ್ನ."

ಕೇಳುವುದಿದ್ದ ಆ ಒಂದು ಮಾತನ್ನು ಅವನು ಕೇಳಲಿಲ್ಲ.

ಆ ವೇಳೆಗಾಗಲೇ ಒಂಬತ್ತು ಬುಟ್ಟಿ ಮನೆಗಳನ್ನು ಸೇರಿದ್ದವು. ಮರುದಿನ ಇಬ್ಬರೂ ತಳ್ಳುಗಾಡಿ ಹಿಡಿದು ಬಾಟಲಿ ಬದಲಾಯಿಸಲು ಹೊರಟರು. ಬರುತ್ತೇನೆಂದು ಪಿಸುವೇ ಹೇಳಿದ್ದಳು. ಪ್ರತಿ ಬಾಗಿಲಲ್ಲೂ ತಪ್ಪು ನನ್ನದು ಎಂದು ಅವಳು ಬಾಯಿ ತೆರೆಯುವ ಮೊದಲೇ ಅವನು "ನನ್ನ ಕಡೆಯಿಂದ ತಪ್ಪಾಯ್ತು" ಎನ್ನುತ್ತಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಯ ಮನೆ ನಿವೃತ್ತ ಟೀಚರೊಬ್ಬರದು. ಅವರ ಬಾಟಲಿ ಅರ್ಧ ಖಾಲಿಯಾಗಿತ್ತು.

"ವಾಪಸು ಯಾಕೆ? ಎಷ್ಟು ಚೆನ್ನಾಗಿದೆ!" ಅಂದರು. "ನಾನೂ ಮೊದಲು ಹುಳಿ ಅಂದ್ಕೊಂಡೆ. ಆಮೇಲೆ ಕಾರ್ಡು ಓದಿದೆ ನೋಡಿ, ನನಗೆ ಕುಡಿಯೋಕೆ ಬರ್ತಿಲ್ಲ ಅಂತ ಗೊತ್ತಾಯ್ತು. ಅದನ್ನೇ ನೆನೆಸ್ಕೊಂಡು ಕುಡಿದೆ. ಕೊಡಲ್ಲಪ್ಪ, ಹೋಗಿ."

ಬೇರೆ ಸಮಯವಾಗಿದ್ದರೆ ಇಬ್ಬರೂ ಬೀದಿ ತಿರುಗುವವರೆಗೆ ತಡೆದುಕೊಂಡು, ಆಮೇಲೆ ಹೊಟ್ಟೆ ಹಿಡಿದು ನಗುತ್ತಿದ್ದರು. ಈಗ ಅವನು ಹೊಸ ಬಾಟಲಿಯನ್ನು ಸುಮ್ಮನೆ ಅವರ ಕೈಗಿಟ್ಟು ನಮಸ್ಕಾರ ಮಾಡಿದ.

ಗೇಟಿನ ಹೊರಗೆ ಬಂದು ಗಾಡಿಯ ಹಿಡಿ ಹಿಡಿದವನು ನಿಂತ.

"ಮೊನ್ನೆ ಒಂದು ಮಾತು ಕೇಳ್ಬೇಕು ಅಂತಿದ್ದೆ."

"ಗೊತ್ತು."

"ಕೇಳಿದ್ರೆ ಏನಂತಿದ್ರಿ?"

"ಹೂಂ ಅಂತಿದ್ದೆ."

ಅವನು ಅವಳ ಮುಖವನ್ನು ನೋಡಿದ. ಅಷ್ಟೂ ತಿಂಗಳು ನೋಡಿದ ಮುಖ. ಈಗ ಅದರಲ್ಲಿ ಅವನಿಗೆ ಏನೂ ಓದಲಾಗಲಿಲ್ಲವೆಂಬುದು ಅವಳಿಗೆ ಕಂಡಿತು.

"ಅದು ನಿಜವಾದ ಹೂಂ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

ಆಣೆ ಇಡಬಹುದಿತ್ತು. ಅಳಬಹುದಿತ್ತು. ಏನಾದರೊಂದು ಮೆತ್ತಗಿನ ಮಾತು ಹೇಳಿದ್ದರೆ ಅವನು ಬಹುಶಃ ನಂಬಲು ಪ್ರಯತ್ನಪಡುತ್ತಿದ್ದ. ನಂಬಿದ ಹಾಗೆ ನಟಿಸುತ್ತಿದ್ದ. ಇಬ್ಬರೂ ಹಾಗೆಯೇ ಒಂದು ಮನೆ ಮಾಡಿಕೊಂಡು, ದಿನಾ ಒಬ್ಬರ ಮುಖ ಒಬ್ಬರು ಕೆಡಿಸದಂತೆ ಕಾಯುತ್ತಾ ಇದ್ದುಬಿಡಬಹುದಿತ್ತು.

"ಗೊತ್ತಾಗಲ್ಲ," ಎಂದಳು ಪಿಸು.

ಅವನು ತಲೆಯಾಡಿಸಿದ. ಥ್ಯಾಂಕ್ಸ್ ಎನ್ನುವ ಹಾಗಿತ್ತು. ಗಾಡಿ ತಿರುಗಿಸಿಕೊಂಡು ಹೊರಟ. ಬಾಟಲಿಗಳು ಒಂದಕ್ಕೊಂದು ತಗುಲುವ ಸದ್ದು ತಿರುವಿನವರೆಗೂ ಕೇಳಿಸಿತು.

"ಯಾರಮ್ಮ ಅದು, ಇನ್ನೂ ಗೇಟಲ್ಲಿ?" ಒಳಗಿನಿಂದ ಟೀಚರು ಕೂಗಿದರು.

"ಯಾರೂ ಇಲ್ಲ ಮಿಸ್," ಎಂದು ಪಿಸು ಚಿಲಕ ಹಾಕಿದಳು.