ನಟ್ಟನಡುವಿನ ಹಳದಿ ವ್ಯಾನು

“ಇನ್ನೂ ಮುಂದೆ,” ಎಂದಿತು ಅವನ ಬಲಗೈ.

“ಸಾಕು, ಅಲ್ಲೇ,” ಎಂದಿತು ಎಡಗೈ.

ಬಾಯಿ ಮಾತ್ರ ಏನೂ ಅನ್ನಲಿಲ್ಲ.

ಫೆರ್ರಿಯ ಕೆಳಗಿನ ಅಂತಸ್ತಿನಲ್ಲಿ ವಾಹನಗಳನ್ನು ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಅವನ ಕೈ ಹೇಳಿದ ಹಾಗೆ ಕೇಳಿ, ಎಲ್ಲರಿಗಿಂತ ಮುಂದೆ, ಹಡಗಿನ ಮೂತಿಯ ಬಳಿ ಹಳದಿ ವ್ಯಾನು ನಿಲ್ಲಿಸಿದವಳು ಕೇಕ್ ಮಾಡುವ ಹುಡುಗಿ. ಮನೆಯಲ್ಲಿ ಅವಳ ಹೆಸರು ಗಿಣಿ. ಯಾರ ಧ್ವನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಅದು ಅವಳ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತಿತ್ತು.

ವ್ಯಾನಿನೊಳಗೆ ಆಚೆ ದಡದ ಮದುವೆಗೆಂದು ಮೂರು ಅಂತಸ್ತಿನ ಕೇಕ್. ನಡುನೀರಿನಲ್ಲಿ ದೊಡ್ಡ ಅಲೆಯೊಂದು ಎದ್ದಿತು. ದಡ ಸೇರಿ ಹಿಂಬಾಗಿಲು ತೆಗೆದಾಗ ಕೇಕಿನ ಮೇಲಂತಸ್ತಿನವರಿಬ್ಬರೂ ನೆಲಮಹಡಿಗೆ ಬಂದು ಮಲಗಿದ್ದರು.

“ಏನ್ರೀ, ನನ್ನ ವ್ಯಾನಿಗೆ ಬೇರೆ ಜಾಗ ಸಿಗಲಿಲ್ವಾ ನಿಮಗೆ?”

ಅವನು ಬಾಯಿ ತೆರೆದ. ಮುಚ್ಚಿದ.

“ಬಾಯಿ ಇದೆಯಾ, ಅದನ್ನೂ ಎಲ್ಲಾದ್ರೂ ಪಾರ್ಕ್ ಮಾಡಿದ್ದೀರಾ?”

ಹಿಂದಿನ ಲಾರಿಗಳು ಹಾರ್ನ್ ಹೊಡೆದವು. ಅವಳು ರೊಯ್ಯನೆ ಇಳಿದು ಹೋದಳು.

ಮುಂದಿನ ಶನಿವಾರದಿಂದ ಶುರುವಾಯಿತು ನೋಡಿ. ಅವಳು ಎಷ್ಟೇ ಬೇಗ ಬರಲಿ, ಅವನ ಕೈ ಅವಳನ್ನು ನಟ್ಟನಡುವೆ, ನಾಲ್ಕೂ ಕಡೆ ಲಾರಿಗಳ ಕೋಟೆಯೊಳಗೆ ನಿಲ್ಲಿಸುತ್ತಿತ್ತು. ಆಚೆ ದಡದಲ್ಲಿ ಮುಂದಿನ ಲಾರಿಗಳೆಲ್ಲ ಇಳಿದ ಮೇಲೆ ಅವಳ ಸರದಿ.

‘ಬೈದಿದ್ದಕ್ಕೆ ಸೇಡು ತೀರಿಸ್ಕೊಳ್ತಿದ್ದಾನೆ... ತೀರಿಸ್ಕೊಳ್ಳಲಿ!’

ಅವಳು ಅವನಿಗೆ ಸನ್ನೆರಾಯ ಎಂದು ಹೆಸರಿಟ್ಟಳು. ಚಿಕ್ಕಮ್ಮನ ಎದುರು ಅವನ ಕೈಗಳ ಮಿಮಿಕ್ರಿಯನ್ನೂ ಮಾಡಿ ತೋರಿಸಿದಳು.

ಆದರೂ ಹಡಗು ತುಂಬುವಾಗ ಮೇಲಿನ ಕಂಬಿಗೆ ಒರಗಿ ಕೆಳಗೆ ನೋಡುವುದು ತಪ್ಪುತ್ತಿರಲಿಲ್ಲ. ಲಾರಿಗೂ ಲಾರಿಗೂ ನಡುವೆ ಒಂದು ಅಂಗೈ ಅಗಲ. ಭಾರದ್ದು ಅತ್ತ, ಹಗುರದ್ದು ಇತ್ತ. ಕೂಗಾಟವಿಲ್ಲ, ಗಡಿಬಿಡಿಯಿಲ್ಲ. ಹೆದರಿದ ಹೊಸ ಡ್ರೈವರುಗಳೂ ಆ ಕೈ ನೋಡಿದರೆ ಧೈರ್ಯ ತಂದುಕೊಳ್ಳುತ್ತಿದ್ದರು.

‘ನಾನು ಡಬ್ಬಿಯಲ್ಲಿ ಪೇಸ್ಟ್ರಿ ಜೋಡಿಸೋ ಹಾಗೇ ಜೋಡಿಸ್ತಾನಲ್ಲ... ಥೂ, ನನಗೇನಾಗಿದೆ?’

ಅಷ್ಟರಲ್ಲಿ ಮೈಕಿನಲ್ಲಿ ಕ್ಯಾಪ್ಟನ್ ಎರಡು ಸಲ ಕೆಮ್ಮಿ, “ಪ್ರಯಾಣಿಕರೇಏ... ಏನಪ್ಪಾ ಅಂದ್ರೆ...” ಎಂದು ರಾಗ ಎಳೆಯುತ್ತಿದ್ದರು. ಆ ಧ್ವನಿಯೂ ಗಿಣಿಯ ಗಂಟಲಲ್ಲಿ ಒಂದು ಕೋಣೆ ಹಿಡಿಯಿತು.

ಹೀಗೇ ಎರಡು ವರ್ಷ.

ಈ ಬೇಸಿಗೆಯಲ್ಲಿ ಹಳದಿ ವ್ಯಾನಿಗೆ ಮರುಜನ್ಮ ಬಂತು. ಕೇಕಿನ ಹಲಗೆಗಳಿದ್ದ ಕಡೆ ಎರಡು ಹಾಸಿಗೆ, ಒಂದು ಪುಟ್ಟ ಒಲೆ, ಚಿಕ್ಕಮ್ಮ ಹೊಲಿದ ಚೌಕಳಿ ಪರದೆ. ಗಿಣಿಯನ್ನು ಸಾಕಿ ಬೆಳೆಸಿದ ಚಿಕ್ಕಮ್ಮ, ಊರಿನವರ ಪ್ರವಾಸದ ಬಟ್ಟೆಗಳನ್ನೆಲ್ಲ ಹೊಲಿದುಕೊಟ್ಟು ತಾನು ಮಾತ್ರ ಹೊಲಿಗೆ ಯಂತ್ರದ ಮುಂದೆಯೇ ಉಳಿದವಳು. ಅವಳಿಗೆ ದೂರದ ದ್ವೀಪದ ದೀಪಸ್ತಂಭ ತೋರಿಸಬೇಕು ಎಂಬುದು ಗಿಣಿಯ ಹಟ.

ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹರಡಿತು. ನಾಲ್ಕು ಮೂಲೆಗೆ ನಾಲ್ಕು ಜಾಮ್ ಬಾಟಲಿ.

“ನಮ್ಮ ಫೆರ್ರಿ ಇಳಿದ ತಕ್ಷಣ ಇಲ್ಲಿಂದ ಇಲ್ಲಿವರೆಗೆ ಒಂದೇ ಓಟ ಚಿಕ್ಕಮ್ಮ. ದ್ವೀಪದ ಫೆರ್ರಿ ದಿನಕ್ಕೆ ಒಂದೇ, ಸಂಜೆ ಹೊರಡುತ್ತೆ.”

“ಅಷ್ಟು ದೂರ ಒಬ್ಬಳೇ ಓಡಿಸ್ತೀಯೇನೇ? ನನಗೆ ಯಂತ್ರ ಅಂದ್ರೆ ಹೊಲಿಗೆದು ಮಾತ್ರ ಗೊತ್ತು.”

“ಓಡಿಸ್ತೀನಿ. ಆದ್ರೆ ಆ ಸನ್ನೆರಾಯ ನಮ್ಮನ್ನ ತಡವಾಗಿ ಇಳಿಸಿದ್ರೆ ಸಂಜೆ ಫೆರ್ರಿ ಕೈತಪ್ಪುತ್ತೆ.”

“ಹೋಗಿ ನಯವಾಗಿ ಕೇಳು.”

“ಅವನನ್ನಾ?” ಗಿಣಿಯ ಕಣ್ಣಿನಲ್ಲಿ ತುಂಟತನ ಮಿಂಚಿತು. “ಅವನಿಗೆ ಆರ್ಡರ್ ಕೊಡೋರು ಒಬ್ರಿದ್ದಾರೆ, ತಡಿ.”

ಫೆರ್ರಿ ಕಚೇರಿಯ ನಂಬರಿಗೆ ಫೋನ್ ಹೋಯಿತು. ಚಿಕ್ಕಮ್ಮ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಳು. ಫೋನೆತ್ತಿದ್ದು ಅವನೇ.

“ಹ್ಹಂ... ಹ್ಹಂ... ಏನಪ್ಪಾ ಅಂದ್ರೆ... ನಾನು ಕ್ಯಾಪ್ಟನ್ನು. ಗಾಡಿ ನಿಲ್ಲಿಸೋ ಹುಡುಗ ಇದ್ದಾನಾ?”

ಆ ಕಡೆ ಯಾರಿಗೋ ಚಹಾ ನೆತ್ತಿಗೇರಿದ ಸದ್ದು. ಆಮೇಲೆ, “ನಾನೇ ಸಾರ್, ಹೇಳಿ.”

‘ಓ... ಬಾಯಿ ಇದೆ! ಅದೂ ಇಷ್ಟು ಮೆತ್ತಗಿನ ಧ್ವನಿ...’

“ಶನಿವಾರ ಹಳದಿ ವ್ಯಾನ್ ಕೇಕಿಲ್ಲದೆ ದ್ವೀಪದ ಪ್ರವಾಸಕ್ಕೆ ಹೊರಡುತ್ತೆ. ಅದು ಮೊದಲು ಇಳೀಬೇಕು. ಆ ಹುಡುಗಿ ಮೇಲೆ ನಿನಗ್ಯಾಕಪ್ಪಾ ಅಷ್ಟು ಸಿಟ್ಟು?”

“ಸಿಟ್ಟಾ ಸಾರ್? ಮೂತಿ ಹತ್ರ ನಿಂತ್ರೆ ಅಲೆ ಹೊಡೆತ ಜಾಸ್ತಿ. ನಟ್ಟನಡುವೆ ಅಲುಗಾಟ ಗೊತ್ತಾಗಲ್ಲ. ಅವರ ಕೇಕ್ ಒಂದ್ಸಲ ನನ್ನಿಂದ ಬಿದ್ದುಹೋಯ್ತು. ಇನ್ನೊಂದ್ಸಲ ಬೀಳಬಾರದು ಅಂತ...”

ಗಿಣಿಯ ಗಂಟಲಿನಿಂದ ಕ್ಯಾಪ್ಟನ್ ಮಾಯವಾದರು. ಚಿಕ್ಕಮ್ಮ ಚಿವುಟಿದ ಮೇಲೆ ಹೇಗೋ ವಾಪಸ್ ಬಂದರು.

“ಹ್ಹಂ... ಅದನ್ನ ಅವಳಿಗೇ ಹೇಳ್ಬಹುದಿತ್ತಲ್ಲಪ್ಪಾ.”

“ಹೇಳೋಣ ಅಂತಲೇ ಹೋಗ್ತೀನಿ. ಅವರು ಕಿಟಕಿ ಗಾಜು ಇಳಿಸಿದ ತಕ್ಷಣ ಮಾತೆಲ್ಲ ಕೈಗೆ ಹೋಗಿಬಿಡುತ್ತೆ. ಆವತ್ತು ಅವರು ದಡದಲ್ಲಿ ವ್ಯಾನ್ ನಿಲ್ಲಿಸಿ, ಬಿದ್ದ ಕೇಕನ್ನ ಅಲ್ಲೇ ಮತ್ತೆ ಕಟ್ಟಿದ್ರು ಸಾರ್. ಕಣ್ಣಲ್ಲಿ ನೀರು ಸುರೀತಾನೇ ಇತ್ತು, ಕೈ ಮಾತ್ರ ನಡುಗಲಿಲ್ಲ. ಅಂಥ ಕೈ ನಾನು ನೋಡಿಲ್ಲ. ಈಗ ಎಷ್ಟು ಲಾರಿ ತುಂಬಿದ್ರೂ, ಆ ಹಳದಿ ಬಣ್ಣ ಕಾಣೋವರೆಗೂ ನನಗೆ ಹಡಗು ಖಾಲಿ ಅನ್ಸುತ್ತೆ.”

ಅವಳು ಫೋನ್ ಇಟ್ಟುಬಿಟ್ಟಳು.

“ಏನಂದ್ನೇ?”

“ಏನೂ ಇಲ್ಲ ಚಿಕ್ಕಮ್ಮ.”

“ಏನೂ ಇಲ್ಲದ್ದಕ್ಕೆ ಮುಖ ಯಾಕೆ ಸ್ಟ್ರಾಬೆರಿ ಆಗಿದೆ?”

ಆ ವಾರವೆಲ್ಲ ಗಿಣಿ ಯಾರ ಧ್ವನಿಯಲ್ಲೂ ಮಾತಾಡಲಿಲ್ಲ. ಎರಡು ವರ್ಷ ಅವನು ಎದೆಯಲ್ಲಿ ಜೋಪಾನ ಮಾಡಿದ್ದನ್ನು ತಾನು ಇನ್ನೊಬ್ಬರ ಧ್ವನಿ ತೊಟ್ಟು ಕದ್ದುಬಿಟ್ಟೆ... ಹೇಳಿದರೆ ಅವನು ಮತ್ತೆಂದೂ ಬಾಯಿ ತೆರೆಯಲಿಕ್ಕಿಲ್ಲ. ಹೇಳದಿದ್ದರೆ ಅವನ ಕಣ್ಣನ್ನು ಎದುರಿಸುವುದು ಹೇಗೆ?

ಶನಿವಾರ ಬೆಳಿಗ್ಗೆ ಹಳದಿ ವ್ಯಾನು ಹಡಗು ಹತ್ತಿತು. ಅವನ ಕೈ ಕರೆಯಿತು. ಬಾ... ಬಾ... ನಡುವಿನ ಸಾಲು ದಾಟಿತು. ಎಲ್ಲಕ್ಕಿಂತ ಮುಂದೆ ನಿಲ್ಲಿಸಿ, ಅವನು ಬಗ್ಗಿ ಚಕ್ರಗಳಡಿ ಮರದ ತುಂಡುಗಳನ್ನು ಇಟ್ಟ.

ಅವಳು ಗಾಜು ಇಳಿಸಿದಳು. “ಇವತ್ತು ಮುಂದೆ?”

“ಕೇಕ್ ಇಲ್ವಲ್ಲ.” ಅವನ ಕಿವಿ ಕೆಂಪಾಯಿತು. “ಜೊತೆಗೆ ಕ್ಯಾಪ್ಟನ್ ಆರ್ಡರ್ ಬೇರೆ.”

ಇನ್ನು ತಡೆಯಲಾಗಲಿಲ್ಲ. ಅವಳು ಇಳಿದು ಅವನೆದುರು ನಿಂತಳು.

“ಆವತ್ತು ಫೋನ್ ಮಾಡಿದ್ದು ಕ್ಯಾಪ್ಟನ್ ಅಲ್ಲ. ನಾನು. ತಪ್ಪಾಯ್ತು. ನಿಮ್ಮ ಮಾತು ನಾನು ಕೇಳಬಾರದಿತ್ತು.”

“ಗೊತ್ತು.”

“ಏನ್ ಗೊತ್ತು?”

“ನೀವು ಅಂತ. ಕ್ಯಾಪ್ಟನ್ ನನ್ನೆದುರೇ ಕೂತು ಬನ್ ಅದ್ದಿಕೊಂಡು ಚಹಾ ಕುಡೀತಿದ್ರು. ಹಳದಿ ವ್ಯಾನ್ ಮೊದಲು ಇಳೀಬೇಕು ಅನ್ನೋರು ಇನ್ಯಾರು?”

“ಹಾಗಾದ್ರೆ ನೀವು ಹೇಳಿದ್ದು...”

“ಕ್ಯಾಪ್ಟನ್‌ಗೆ ಯಾರಾದ್ರೂ ಹಾಗೆಲ್ಲ ಹೇಳ್ತಾರಾ?” ಅವನು ಮೊದಲ ಸಲ ನಕ್ಕ. “ನಿಮ್ಮ ಕಣ್ಣು ನೋಡ್ಕೊಂಡು ಎರಡು ವರ್ಷ ಆಗದ್ದು, ಅವರ ಧ್ವನಿ ಕೇಳ್ಕೊಂಡು ಒಂದೇ ಉಸಿರಲ್ಲಿ ಆಯ್ತು.”

ವ್ಯಾನಿನ ಪರದೆಯ ನಡುವಿನಿಂದ ಚಿಕ್ಕಮ್ಮನ ತಲೆ ಹೊರಬಂತು. “ಏನಪ್ಪಾ, ಗಾಡಿ ಬರೀ ನಿಲ್ಲಿಸೋಕೆ ಬರುತ್ತಾ, ಓಡಿಸೋಕೂ ಬರುತ್ತಾ? ಇವಳಿಗೆ ದಾರೀಲಿ ಕೈ ಬದಲಿಸೋರು ಬೇಕು.”

“ಆಚೆ ದಡದಿಂದ ರಜೆ ಹಾಕಿದ್ದೀನಿ ಅಮ್ಮಾ. ಚೀಲ ಹಡಗಲ್ಲೇ ಇದೆ, ಟೆಂಟೂ ಇದೆ. ನಾನು ಹೊರಗೇ ಮಲಗ್ತೀನಿ.” ಅವನು ಗಿಣಿಯತ್ತ ತಿರುಗಿದ. “ಇವರು ಕರೆದ್ರೆ ಮಾತ್ರ.”

ಗಿಣಿಗೆ ಎಷ್ಟೊಂದು ಧ್ವನಿಗಳು ಗೊತ್ತಿದ್ದವು. ಒಂದೂ ಬರಲಿಲ್ಲ. ಅವಳು ಬಲಗೈ ಎತ್ತಿ, ಥೇಟ್ ಅವನ ಹಾಗೇ ಬೆರಳು ಮಡಚಿದಳು. ಬಾ...

ಅವನು ಒಂದು ಹೆಜ್ಜೆ ಇಟ್ಟ.

ಇನ್ನೂ ಮುಂದೆ...

“ಸಾಕಾ?” ಎಂದ ಮೆಲ್ಲಗೆ.

“ಇನ್ನೂ ಒಂದು ಅಂಗೈ ಅಗಲ ಇದೆ,” ಎಂದಳು. ಅದು ಅವಳದೇ ಧ್ವನಿ.

ಆ ಅಂಗೈ ಅಗಲವನ್ನು ಅವನ ಅಂಗೈ ತುಂಬಿತು.

ಮೇಲೆ ಮೈಕು ಎರಡು ಸಲ ಕೆಮ್ಮಿತು.

“ಹಳದಿ ವ್ಯಾನಿನ ಪ್ರಯಾಣಿಕರೇಏ... ಏನಪ್ಪಾ ಅಂದ್ರೆ... ನನ್ನ ಧ್ವನಿ ನನಗೆ ವಾಪಸ್ ಕೊಟ್ಟು, ಬೇಗ ಮೇಲೆ ಬನ್ನಿ. ಹಡಗು ಹೊರಡಬೇಕು.”

ಲಾರಿಯವರು ನಕ್ಕರು, ಚಿಕ್ಕಮ್ಮ ನಕ್ಕಳು. ಆದರೆ ಅವರೆಲ್ಲರ ನಗುವನ್ನೂ ಮುಳುಗಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕವಳು, ಬೇರೆಯವರಿಗೆ ತೋಡಿದ ಗುಂಡಿಯಲ್ಲಿ ತಾನೇ ಹಾಯಾಗಿ ಬಿದ್ದ ಗಿಣಿ.