ಕೆಂಪು ಕಾರು, ಕರೀ ಗಾಡಿ

ಹಿಂದಿನಿಂದ ಮೊದಲ ಗುದ್ದು ಬಿತ್ತು!

ನನ್ನ ಹಲ್ಲು ಕಟಕ್ಕೆಂದವು. ಪಕ್ಕದ ಸೀಟಿನಲ್ಲಿದ್ದ ಅಂಜಿನಕ್ಕ ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದುಕೊಂಡಳು.

"ತಮ್ಮಾ, ಅವನೇನು?"

"ಅವನೇ ಅಕ್ಕಾ."

"ಖರೇ?"

"ಕನ್ನಡಿ ತುಂಬ ಅವನ ಗಾಡಿನೇ ಐತಿ. ಇನ್ನೇನು ಖರೇ ಬೇಕು?"

ಕೊಟ್ಟೂರು ದಾಟಿ ಆರು ಕಿಲೋಮೀಟರ್. ಬೆಳಗಿನ ಹತ್ತೂವರೆ. ಹಿಂದೆ ಕರೀ ಎಸ್‌ಯುವಿ... ಎರಡೂವರೆ ಟನ್ ಕಬ್ಬಿಣ. ನನ್ನದು ಹದಿನಾಲ್ಕು ವರ್ಷದ ಸಣ್ಣ ಕೆಂಪು ಕಾರು. ಪಕ್ಕ ನಿಂತರೆ ನನ್ನ ಎದೆಮಟ್ಟ ಬರುತ್ತದೆ. ಹಿಂದಿನ ಡೋರ್ ಮುಚ್ಚಿರಲಿಲ್ಲ, ಹಗ್ಗದಿಂದ ಬಿಗಿದಿದ್ದೆ. ಯಾಕಂದರೆ ಅಲ್ಲಿಂದ ಒಂದು ಕಬ್ಬಿಣದ ಗಾರ್ಡ್ ಎರಡಡಿ ಹೊರಗೆ ಚಾಚಿಕೊಂಡಿತ್ತು.

ಹಿಂದಿನ ಗಾಡಿಯಲ್ಲಿದ್ದ ಕ್ರಾಂತಿಕುಮಾರನಿಗೆ ಬೇಕಾಗಿದ್ದದ್ದು ಆ ಗಾರ್ಡ್. ಅದು ಸಿಗಬೇಕಾದರೆ ನಮ್ಮಿಬ್ಬರ ಹೆಣ ಬೀಳಬೇಕು. ಅದಕ್ಕೂ ಅವನು ರೆಡಿ!

ನಾನು ಯಾರು ಅಂತೀರಾ? ಗಾದಿಲಿಂಗ. ಆಕ್ಸಿಡೆಂಟ್ ಮಾಡಿ ಓಡಿಹೋದ ಗಾಡಿಗಳನ್ನು ಹುಡುಕೋದು ನನ್ನ ದಂಧೆ. ಎಫ್‌ಐಆರ್‌ನಲ್ಲಿ 'ಅಪರಿಚಿತ ವಾಹನ' ಅಂತ ಬರೆದು ಎಲ್ಲರೂ ಸುಮ್ಮನಾದ ಮೇಲೆ ಜನ ನನ್ನ ಬಾಗಿಲಿಗೆ ಬರುತ್ತಾರೆ. ಅಪರಿಚಿತ ವಾಹನ ಅನ್ನೋದೇ ಇಲ್ಲ ಸ್ವಾಮಿ... ಗುರುತು ಹಿಡಿಯೋಕೆ ಮನಸ್ಸಿಲ್ಲದವರು ಇರ್ತಾರೆ, ಅಷ್ಟೇ.

ಅಂಜಿನಕ್ಕ ಕೊಟ್ಟೂರಿನ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುವವಳು. ನವೆಂಬರ್‌ನಲ್ಲಿ ಅವಳ ಮಗಳು ಯಶೋಧಾ ಇದೇ ರೋಡಿನಲ್ಲಿ ಸ್ಕೂಟಿ ಮೇಲೆ ಕೂಡ್ಲಿಗಿಗೆ ಹೊರಟಿದ್ದಳು. ನರ್ಸ್. ಇಪ್ಪತ್ನಾಲ್ಕು ವರ್ಷ. ಯಾವುದೋ ಗಾಡಿ ಗುದ್ದಿತು. ಗುದ್ದಿ ನಿಲ್ಲಲಿಲ್ಲ, ನಲವತ್ತು ಅಡಿ ಎಳೆದುಕೊಂಡು ಹೋಯಿತು. ಆ ಹೆಣ ನೀವು ನೋಡಬೇಕಿತ್ತು... ಬೇಡ ಬಿಡಿ.

ಎರಡು ತಿಂಗಳು ಹುಡುಕಿದೆ. ಇವತ್ತು ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಎಸ್‌ಯುವಿಯ ಮೂತಿಗೆ ಹಾಕುವ ಗಾರ್ಡ್. ನಟ್ಟನಡುವೆ ಬಾಗಿದೆ. ಬಾಗಿದ ಕಡೆ ಸ್ಕೂಟಿಯ ನೀಲಿ ಬಣ್ಣ. ಸಂದಿಯಲ್ಲಿ ಸ್ಕೂಟಿಯ ಮುರಿದ ನಂಬರ್ ಪ್ಲೇಟಿನ ಚೂರು. ಇಷ್ಟು ಸಾಲದು ಅಂತ ಮೇಲಿನ ಪಟ್ಟಿಯಲ್ಲಿ ಅಂಗೈಯಗಲದ ಅಕ್ಷರ ವೆಲ್ಡಿಂಗ್ ಮಾಡಿಸಿದ್ದ... 'ಕ್ರಾಂತಿ'! ಟಿಪ್ಪರ್ ಓಡಿಸುವ ಕಾಂಟ್ರಾಕ್ಟರನ ಮಗ. ಹೆಸರಿನ ಹುಚ್ಚು. ಕೊಲೆ ಮಾಡುವ ಕಬ್ಬಿಣದ ಮೇಲೆ ಯಾರಾದರೂ ಹೆಸರು ಹಾಕಿಸ್ತಾರಾ?

ಅವನ ಬಂಟ ಮೈಲಾರೇಶ ಅಲ್ಲೇ ಇದ್ದ. ರಾಡು ಬೀಸಿದ. ನನ್ನ ಎಡಗೈಯ ಎರಡು ಬೆರಳು ಮುರಿದವು. ನಾನು ಅವನ ಮೂಗು ಒಡೆದೆ. ಬಿದ್ದವನು ಒಡೆಯನಿಗೆ ಫೋನ್ ಮಾಡಿರಬೇಕು. ಗಾರ್ಡ್ ಹಾಕಿಕೊಂಡು ಬಂದವನು ಕೊಟ್ಟೂರಲ್ಲಿ ಅಂಜಿನಕ್ಕನನ್ನು ಹತ್ತಿಸಿಕೊಂಡೆ. ಕೂಡ್ಲಿಗಿ ಸ್ಟೇಷನ್ನಿನಲ್ಲಿ ಆಕೆ ಮಗಳ ಸ್ಕೂಟಿಯ ಗುರುತು ಹೇಳಬೇಕಿತ್ತು.

ಎರಡನೇ ಗುದ್ದು!

ಹಿಂದಿನ ಗಾಜು ಪುಡಿಪುಡಿ. ಗೇರ್ ಹಾಕಿದೆ. ಮುರಿದ ಬೆರಳಿನಿಂದ ಗೇರ್ ಹಾಕುವ ಸುಖ ಶತ್ರುವಿಗೂ ಬೇಡ.

"ಗಾರ್ಡ್ ಬಿದ್ದೀತು ತಮ್ಮಾ!"

"ಬೀಳಲ್ಲ. ನೀನು ತಲಿ ಬಗ್ಸು!"

ಎಸ್‌ಯುವಿ ನನ್ನ ಬಲಕ್ಕೆ ಬಂತು. ಕಿಟಕಿಯಿಂದ ಮೈಲಾರೇಶ ಅರ್ಧ ಹೊರಗೆ ಬಾಗಿದ್ದ. ಮೂಗಿಗೆ ಬಟ್ಟೆ. ಕೈಯಲ್ಲಿ ಅದೇ ರಾಡು. ಬೀಸಿದ... ನನ್ನ ಕನ್ನಡಿ ಹಾರಿಹೋಯಿತು. ಇನ್ನೊಮ್ಮೆ ಬೀಸಿದ... ಭುಜಕ್ಕೆ ಬಿತ್ತು. ಕಣ್ಣಿಗೆ ಕತ್ತಲೆ ಬಂತು.

ಒಂದು ಮಾತು ಹೇಳಿಬಿಡ್ತೀನಿ. ಹನ್ನೆರಡು ವರ್ಷ ನಾನೂ ಇಂಥದೇ ದೊಡ್ಡ ಗಾಡಿ ಓಡಿಸಿದವನು. ಹಡಗಲಿಯ ಒಬ್ಬ ಸಾಹುಕಾರರ ಡ್ರೈವರ್. ಆ ಎತ್ತರದಲ್ಲಿ ಕೂತರೆ ಸಣ್ಣ ಕಾರಿನವರು ಮನುಷ್ಯರೇ ಅಲ್ಲ. ಹಾರ್ನ್ ಹೊಡೆದರೆ ಸರಿಯಬೇಕಾದ ಜಂತುಗಳು. ಸೈಕಲ್, ಸ್ಕೂಟಿ, ಎತ್ತಿನಬಂಡಿ ಎಲ್ಲ ಅಡ್ಡ ಬಂದ ಕಸ. ಆ ಕೆಲಸ ಹೋದ ಮೇಲೆ ಗತಿಯಿಲ್ಲದೆ ಈ ಕೆಂಪು ಕಾರು ಕೊಂಡೆ. ಮೊದಲ ವಾರ ನಾಚಿಕೆಯಾಗುತ್ತಿತ್ತು. ಆಮೇಲೆ ಗೊತ್ತಾಯಿತು... ಈ ಹುಡುಗಿಗೆ ಬೆರಳು ಅಲ್ಲಾಡಿಸಿದರೆ ಸಾಕು, ಮೈ ತಿರುಗಿಸ್ತಾಳೆ! ಬ್ರೇಕ್ ಮುಟ್ಟಿದರೆ ನಿಂತುಬಿಡ್ತಾಳೆ. ರೋಡಿನ ಒಂದೊಂದು ಕಲ್ಲೂ ಸೀಟಿಗೆ ಬಂದು ಮಾತಾಡ್ತದೆ. ಪಕ್ಕದ ಸೈಕಲ್ಲಿನವನ ಮುಖ ನನ್ನ ಮುಖದ ಸಮಕ್ಕೇ ಇರ್ತದೆ. ಅವತ್ತಿನಿಂದ ದೊಡ್ಡ ಗಾಡಿಗಳನ್ನು ಕಂಡರೆ ನನಗೆ ಎಮ್ಮೆ ನೆನಪಾಗ್ತವೆ. ಬಲ ಇದೆ, ಹೌದು. ತಿರುಗೋಕೆ ಮಾತ್ರ ಕೆರೆ ಬೇಕು.

ಬ್ರೇಕ್ ಒತ್ತಿದೆ!

ಎಸ್‌ಯುವಿ ಮುಂದಕ್ಕೆ ಜಾರಿಹೋಯಿತು. ನಾನು ಎಡಕ್ಕೆ ಕಟ್ ಹೊಡೆದೆ. ಹಳ್ಳಿ ರೋಡು. ಒಂದು ಗಾಡಿ ಹೋದರೆ ಇನ್ನೊಂದು ಮಣ್ಣಿಗಿಳಿಯಬೇಕು, ಅಷ್ಟು ಅಗಲ. ಹಿಂತಿರುಗಿ ನೋಡಿದೆ. ಅವನು ತಿರುಗಿಸಿಕೊಳ್ಳಲು ಮೂರು ಸಲ ಹಿಂದೆ ಮುಂದೆ ಮಾಡುತ್ತಿದ್ದ.

"ಈ ಕಡಿ ಯಾಕ ಬಂದಿ? ಇಲ್ಲಿ ಯಾರದಾರ ನಮಗ?"

"ಹುರಳಿ ಐತಿ ಅಕ್ಕಾ."

"ಏನಂದಿ?"

ಸಂಕ್ರಾಂತಿ ಕಳೆದ ವಾರ. ಹುರುಳಿ ಕಿತ್ತ ಸಮಯ. ಈಗ ಯಾರೂ ಕಣ ಮಾಡಲ್ಲ. ಟಾರ್ ರೋಡೇ ಕಣ, ಹೋಗೋ ಬರೋ ಗಾಡಿಗಳೇ ರೋಣಗಲ್ಲು. ಒಣಗಿದ ಬಳ್ಳಿಯನ್ನು ರೋಡಿನ ಮೇಲೆ ಮೊಣಕಾಲುದ್ದ ಹಾಸಿಬಿಡ್ತಾರೆ. ಗಾಲಿ ತುಳಿದಷ್ಟೂ ಕಾಳು ಉದುರ್ತದೆ. ಬಸ್ಸಿನವರು ಬೈಯ್ತಾ ಹೋಗ್ತಾರೆ. ತಿಳಿದವರು ಪಕ್ಕಕ್ಕೆ ಇಳಿಸಿ ಹೋಗ್ತಾರೆ.

ಮೊದಲನೇ ಹಾಸು ಬಂತು. ಅಂಚಿನಲ್ಲಿ ಕಲ್ಲಿಟ್ಟಿದ್ದರು. ಕಲ್ಲಿಗೂ ಜಾಲಿಗೂ ನಡುವೆ ಐದಡಿ ಮಣ್ಣು. ನನ್ನ ಹುಡುಗಿ ಮೈ ಕುಗ್ಗಿಸಿಕೊಂಡು ದಾಟಿದಳು. ಜಾಲಿ ಮುಳ್ಳು ಬಾಗಿಲು ಗೀರಿತು.

ಎಸ್‌ಯುವಿಗೆ ಆ ಸಂದಿ ಎಲ್ಲಿ ಸಾಲಬೇಕು? ನೇರ ನುಗ್ಗಿದ.

ಎರಡನೇ ಹಾಸು... ನುಗ್ಗಿದ. ಮೂರನೇದು... ನುಗ್ಗಿದ. ಗ್ಯಾಪ್ ಕಮ್ಮಿಯಾಗುತ್ತಿತ್ತು. ಇಪ್ಪತ್ತು ಅಡಿ. ಹತ್ತು ಅಡಿ.

"ಹತ್ತಿರ ಬಂದ್ನಲ್ಲೋ!"

"ಬರ್ಲಿ."

ನನ್ನ ಕಾರನ್ನು ಎಳೆಯೋದು ಮುಂದಿನ ಗಾಲಿ. ಅವನ ಗಾಡಿಗೆ ಹೊಟ್ಟೆಯ ಕೆಳಗೆ ಮುಂದಿನಿಂದ ಹಿಂದಿನ ತನಕ ಒಂದು ಶಾಫ್ಟ್ ಗಿರಗಿರ ತಿರುಗ್ತಿರ್ತದೆ. ಒಣ ಹುರುಳಿ ಬಳ್ಳಿ ಅದಕ್ಕೆ ದಾರದಂಗೆ ಸುತ್ತಿಕೊಳ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪು. ಸಾಹುಕಾರರ ಗಾಡಿ ಅರಸೀಕೆರೆ ಹತ್ತಿರ ಹಾಗೇ ಸುಟ್ಟು ಬೂದಿಯಾಗಿತ್ತು. ಡ್ರೈವರ್ ನಾನೇ... ನನ್ನ ಕೆಲಸ ಹೋಗಿದ್ದು ಅದಕ್ಕೇ!

ನಾಲ್ಕನೇ ಹಾಸಿನಲ್ಲಿ ಹೆಂಗಸರು ಕೈಬೀಸಿ ಕೂಗಿದರು. ನನಗಲ್ಲ, ಅವನಿಗೆ.

"ನಿಂದ್ರೋ! ನಿಂದ್ರೋ ಯಪ್ಪಾ! ಕೆಳಗ ಬೆಂಕಿ ಹತ್ತೈತಿ!"

ಗಾಜು ಏರಿಸಿ, ಎಸಿ ಹಾಕಿ, ಹಾಡು ಹಚ್ಚಿಕೊಂಡು ಕೂತವನಿಗೆ ಎಲ್ಲಿ ಕೇಳಬೇಕು? ಜನ ಬೈತಿದ್ದಾರೆ ಅಂದುಕೊಂಡಿರಬೇಕು. ಹಾರ್ನ್ ಒತ್ತಿದ. ಹಾಸಿನ ಮೇಲೆ ಅವನ ಗಾಡಿ ಹೋದ ಕಡೆಯಲ್ಲೆಲ್ಲ ಹೊಗೆ ಎದ್ದಿತು.

ಆಮೇಲೆ ಅವನ ಬಾನೆಟ್ಟಿನ ಕೆಳಗಿಂದಲೇ ಜ್ವಾಲೆ ನಾಲಿಗೆ ಚಾಚಿತು. ಗಾಬರಿಯಾಗಿ ಬ್ರೇಕ್ ಹಾಕಿದ. ಗಾಡಿ ಬಲಕ್ಕೆ ವಾಲಿತು... ದಂಡೆಯ ಕಲ್ಲು ಹತ್ತಿತು... ಧಡಾರ್! ರೋಡಿನ ಪಕ್ಕದ ಒಣ ಕಾಲುವೆಯಲ್ಲಿ ಬಲಮಗ್ಗುಲಿಗೆ ಮಲಗಿಬಿಟ್ಟಿತು.

ಮೇಲಿನ ಡೋರ್ ತೆಗೆದುಕೊಂಡು ಮೈಲಾರೇಶ ಹಾರಿದ. ಅಂಗಿ ಹೊಗೆಯಾಡುತ್ತಿತ್ತು. ಒಡೆಯನ ಕಡೆ ತಿರುಗಿಯೂ ನೋಡಲಿಲ್ಲ. ಹೊಲಕ್ಕೆ ಬಿದ್ದು ಓಡಿದ.

ಕ್ರಾಂತಿಕುಮಾರ ಒಳಗೇ ಉಳಿದ. ಅವನ ಕಡೆಯ ಬಾಗಿಲು ನೆಲಕ್ಕೆ ಕಚ್ಚಿತ್ತು. ಬೆಲ್ಟ್ ಬಿಗಿದುಕೊಂಡಿತ್ತು. ಮುಂದಿನ ಗಾಜಿಗೆ ಅಂಗೈ ಬಡಿಯುತ್ತಿದ್ದ.

ನಾನು ಕಾರು ನಿಲ್ಲಿಸಿ ಇಳಿದೆ. ನಿಂತು ನೋಡಿದೆ. ಸುಳ್ಳು ಯಾಕೆ ಹೇಳಲಿ... ನನಗೆ ಹೆಜ್ಜೆ ಎತ್ತಲು ಮನಸ್ಸಾಗಲಿಲ್ಲ. ಸುಡಲಿ ಅನ್ನಿಸಿತು.

ಅಂಜಿನಕ್ಕ ನನ್ನನ್ನು ದಾಟಿ ಓಡಿದಳು. ದಂಡೆಯ ಕಲ್ಲು ಎತ್ತಿದಳು. ಇನ್ನೂರು ಮಕ್ಕಳ ಅನ್ನದ ಡಬರಿ ಇಳಿಸುವ ಕೈ! ಎರಡೇ ಏಟು. ಗಾಜು ಒಳಕ್ಕೆ ಕುಸಿಯಿತು.

"ಕುಡುಗೋಲು ಕೊಡ್ರೇ!"

ಹೆಂಗಸೊಬ್ಬಳು ಎಸೆದಳು. ಅಂಜಿನಕ್ಕ ಕುಡುಗೋಲು ಹಿಡಿದು ಬಗ್ಗಿದಾಗ ಅವನು ಕತ್ತು ಮುಚ್ಚಿಕೊಂಡು ಕಿರುಚಿದ. ಆಕೆ ಬೆಲ್ಟ್ ಕೊಯ್ದಳು. ಕಾಲರ್ ಹಿಡಿದು ಎಳೆದಳು. ಆಗ ನನಗೆ ಬುದ್ಧಿ ಬಂತು, ನಾನೂ ಕೈ ಹಾಕಿದೆ. ಹದಿನೈದು ಹೆಜ್ಜೆ ಎಳೆದಿದ್ದೆವೋ ಇಲ್ಲವೋ... ಟ್ಯಾಂಕ್ ಢಮಾರ್! ಕಾವು ಬೆನ್ನಿಗೆ ಬಡಿಯಿತು.

"ಯಾಕಕ್ಕಾ?" ಅಂದೆ. "ನಿನ್ನ ಮಗಳನ್ನ ಕೊಂದವ ಇವ."

"ಸತ್ರ ಕೇಸು ಮುಚ್ಚಿ ಫೋಟೋಕ್ಕ ಹಾರ ಹಾಕ್ತಾರ. ನನ್ನ ಮಗಳ ಹೆಸರು ಇವನ ಬಾಯಾಗ ಬರಬೇಕು ತಮ್ಮಾ. ಜಡ್ಜಿನ ಮುಂದ."

ಕ್ರಾಂತಿಕುಮಾರ ಕೆಮ್ಮುತ್ತಾ ಎದ್ದು ಕೂತ. ಅಂಗೈಯ ಚರ್ಮ ಸುಲಿದಿತ್ತು.

"ಯಮ್ಮಾ... ದೇವ್ರಾಣಿ, ಅವತ್ತು ಆಕಿ ನನಗ ಕಾಣ್ಲಿಲ್ಲ. ಬಾನೆಟ್ ಎತ್ತರ ಐತಿ..."

ಅಂಜಿನಕ್ಕ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಗದ್ದ ಹಿಡಿದು ಮುಖ ಎತ್ತಿದಳು.

"ಈಗ ನಾನು ಕಾಣ್ತೀನೇನು?"

ಅವನು ಅಳತೊಡಗಿದ. ಆಕೆ ಅಳಲಿಲ್ಲ.

"ಮೊದ್ಲು ದವಾಖಾನಿಗೆ ಒಯ್ರಿ ಅಣ್ಣಾ..."

"ನನ್ನ ಮಗಳನ್ನ ನೀ ಯಾವ ದವಾಖಾನಿಗೆ ಒಯ್ದಿದ್ದಿಯೋ? ಸ್ಟೇಷನ್ನಿಗೆ ನಡಿ. ಅವರೇ ಒಯ್ತಾರ."

ಕೈ ಕಟ್ಟಲು ರೈತರು ಹಗ್ಗ ಕೊಟ್ಟರು. ಮಡಚಿದ ಹಿಂದಿನ ಸೀಟಿನಲ್ಲಿ, ಗಾರ್ಡಿನ ಪಕ್ಕ ಉಳಿದ ಗೇಣು ಜಾಗದಲ್ಲಿ ತುರುಕಿದೆವು. ಮಂಡಿ ಗದ್ದಕ್ಕೆ ತಾಗಿತ್ತು. ಹುಟ್ಟಿದಾಗಿನಿಂದ ಇಷ್ಟು ಕೆಳಗೆ ಕೂತಿರಲಿಕ್ಕಿಲ್ಲ.

ಕೂಡ್ಲಿಗಿ ರೋಡ್ ಹತ್ತಿದೆವು. ಮುಂದೆ ಅದಿರು ತುಂಬಿದ ಲಾರಿ. ಅದರ ಹಿಂದಿನ ಗಾಲಿಗಳು ನಮ್ಮ ಕಿಟಕಿಯ ಸಮಕ್ಕೆ ಗುಡುಗಿದವು. ಕ್ರಾಂತಿಕುಮಾರ ಚೀರಿದ.

"ಅಣ್ಣಾ, ಮೆಲ್ಲಕ! ಲಾರಿಯವ ನಮ್ಮನ್ನ ನೋಡ್ಯಾನೋ ಇಲ್ಲೋ!"

ಸ್ಟೇಷನ್ ಬರುವ ತನಕ ಹನ್ನೊಂದು ಲಾರಿ ಇದ್ದವು ಸ್ವಾಮಿ... ಒಂದನ್ನೂ ಬಿಡದೆ ಓವರ್‌ಟೇಕ್ ಮಾಡಿದೆ!